ಫರೀದಾಳ ಒಲೆಯ ಫೋಟೋಗಳು

ಕೀಂ, ಕೀಂ, ಕೀಂ ಎಂದು ಯುಪಿಎಸ್ ಅಳುತ್ತಿದ್ದ ಕಾಲವೊಂದಿತ್ತು, ನಿಮಗೂ ನೆನಪಿರಬೇಕು. ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಟೇಬಲ್ಲಿನ ಅಡಿಯಿಂದ ಆ ಸದ್ದು ಏಳುತ್ತಿತ್ತು. ಮನೆಯಲ್ಲಿ ಯಾರು ಎಲ್ಲಿದ್ದರೂ ಅಲ್ಲಿಂದಲೇ "ಸೇವ್ ಮಾಡು, ಸೇವ್ ಮಾಡು" ಎಂದು ಕೂಗುತ್ತಿದ್ದರು. ಮೊನ್ನೆ ಸಹಕಾರನಗರದ ನಮ್ಮ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆಂದು ನಿಂತಿದ್ದೆ. ಕರೆಂಟು ಹೋಯಿತು, ಕೌಂಟರಿನ ಕೆಳಗಿನಿಂದ ಅದೇ ಅಳು. ನನ್ನ ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಕಂಟ್ರೋಲ್ ಎಸ್ ಒತ್ತಿತು. ಅಂಗಡಿಯವರು "ಏನ್ ಬೇಕಿತ್ತು ಮೇಡಂ" ಎಂದರು. ಏನು ಬೇಕಿತ್ತೆಂದು ನನಗೂ ತಕ್ಷಣ ಹೊಳೆಯಲಿಲ್ಲ.

ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಟ್ಯಾಬ್ ತೆಗೆದರೆ ಕೆಲವು ದಿನಗಳಿಂದ ಕಾಡುತ್ತಿರುವ ಮೆಸೇಜು: ಸ್ಟೋರೇಜ್ ತುಂಬುತ್ತ ಬಂದಿದೆ, ಹೆಚ್ಚಿನ ಜಾಗ ಕೊಳ್ಳಿ, ಇಲ್ಲವೇ ಬೇಡವಾದದ್ದನ್ನು ಅಳಿಸಿ. ಬೇಡವಾದದ್ದು ಯಾವುದೆಂದು ಹುಡುಕಲು ಹೊರಟರೆ ಪರದೆಯ ತುಂಬ ಒಂದು ಗ್ಯಾಸ್ ಒಲೆ. ಎರಡು ಬರ್ನರು, ಹಿಂದೆ ಹಸಿರು ಟೈಲ್ಸು. ಮೇಲೆ ಸರಿಸಿದರೂ ಅದೇ ಒಲೆ, ಕೆಳಗೆ ಸರಿಸಿದರೂ ಅದೇ.

ಅದು ಫರೀದಾಳ ಒಲೆ. ಫರೀದಾ ನನ್ನ ಕಾನ್ವೆಂಟ್ ದಿನಗಳ ಗೆಳತಿ. ಕಾಲೇಜಿನಲ್ಲಿ ಬಾಟನಿ ಪಾಠ ಮಾಡಿ ರಿಟೈರ್ ಆದವಳು, ಮದುವೆ ಬೇಡವೆಂದವಳು. ಆರ್.ಟಿ. ನಗರದ ಅವರ ಮನೆಯಲ್ಲಿ ತಮ್ಮ ಅನ್ವರನ ಸಂಸಾರ ಕೆಳಗೆ, ಇವಳು ಮಹಡಿಯ ಮೇಲೆ. ಈ ಮಳೆಗಾಲದಲ್ಲಿ ತೀರಿಕೊಂಡಳು. ಅವಳ ಒಲೆ ನನ್ನ ಟ್ಯಾಬಿನೊಳಗೆ ಹೇಗೆ ಬಂದು ಕೂತಿತೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೇರವಾಗಿ ವಿಷಯಕ್ಕೆ ಬರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ, ಕ್ಷಮಿಸಿ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಎಂಟರಲ್ಲಿ. ಹಾಲಿನ ಮೂಲೆಯಲ್ಲಿ ಅದಕ್ಕೊಂದು ಟೇಬಲ್ಲು. ಹಳೆಯ ಕರ್ಟನ್ ಬಟ್ಟೆಯಲ್ಲಿ ಮಾನಿಟರಿಗೊಂದು, ಸಿಪಿಯುಗೊಂದು ಅಂಗಿಯನ್ನೂ ಹೊಲಿದಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಅದಕ್ಕೆ ಅಂಗಿ ತೊಡಿಸಿ ಮಲಗಿಸುವುದು. ನಾನು ಇಂಗ್ಲಿಷ್ ಟೀಚರಾಗಿದ್ದವಳು. ಜೀವಮಾನದ ಗ್ರಾಮರ್ ಪಾಠಗಳನ್ನೆಲ್ಲ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಅದರೊಳಗೆ ಹಾಕಿದೆ. ಒಂದು ದಿನ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಎಂದಿತು. ಯಲಹಂಕದಿಂದ ಬಂದ ರಿಪೇರಿಯವರು ಕಿವಿಯಿಟ್ಟು ಕೇಳಿ, "ಹಾರ್ಡ್ ಡಿಸ್ಕ್ ಹೋಗಿದೆ ಮೇಡಂ, ಡೇಟಾ ಸಿಗಲ್ಲ" ಎಂದರು. ಸಾವಿನ ಸುದ್ದಿ ಹೇಳುವ ಡಾಕ್ಟರುಗಳಿಗೂ ಅಷ್ಟು ಮೆದುವಾದ ದನಿ ಇರುವುದಿಲ್ಲ.

ಆಮೇಲೆ ಕೆಲವು ವರ್ಷಗಳಿಗೆ ಕ್ಲೌಡ್ ಎನ್ನುವ ಮಾತು ಕೇಳಿಬಂತು. ಅನ್ವರನ ಮಗಳು ಸನಾ ನನಗೂ ಅವಳ ಫುಪ್ಪುಗೂ, ಅಂದರೆ ಫರೀದಾಳಿಗೂ, ಒಟ್ಟಿಗೆ ಕೂರಿಸಿ ಪಾಠ ಮಾಡಿದಳು.

"ಆಂಟಿ, ಇನ್ಮೇಲೆ ಹಾರ್ಡ್ ಡಿಸ್ಕ್ ತಲೆನೋವೇ ಇಲ್ಲ. ಫೋನ್ ಕಳೆದ್ರೂ, ಕಂಪ್ಯೂಟರ್ ಕೆಟ್ರೂ, ಎಲ್ಲಾ ಕ್ಲೌಡಲ್ಲಿ ಇರುತ್ತೆ."

"ಆ ಕ್ಲೌಡ್ ಎಲ್ಲಿರುತ್ತಮ್ಮ?"

"ಎಲ್ಲೋ ಇರುತ್ತೆ ಆಂಟಿ. ಯಾರ್ದೋ ದೊಡ್ಡ ಕಂಪ್ಯೂಟರ್ ಅಷ್ಟೆ."

"ಅಂದ್ರೆ ನಮ್ಮ ಸಾಮಾನು ಯಾರ್ದೋ ಮನೇಲಿ," ಎಂದಳು ಫರೀದಾ. "ಊರಿಗೆ ಹೋಗೋವಾಗ ಒಡವೆ ಪಕ್ಕದ ಮನೇಲಿ ಇಟ್ಟು ಹೋಗ್ತಿದ್ರಲ್ಲ, ಹಾಗೆ. ಪಕ್ಕದ ಮನೆಯೋರು ಹಾಕ್ಕೊಂಡು ನೋಡಲ್ಲ ಅಂತ ಏನ್ ಗ್ಯಾರಂಟಿ?"

ಸನಾ ನಕ್ಕು, ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಡುತ್ತೇನೆಂದಳು. ಫರೀದಾ ಒಪ್ಪಲಿಲ್ಲ. "ಎರಡೆರಡು ಪಾಸ್‌ವರ್ಡ್ ನಕ್ಕೋ. ಒಂದೇ ಇರ್ಲಿ. ಒಬ್ಬಳು ಮರೆತ್ರೆ ಇನ್ನೊಬ್ಬಳಿಗೆ ನೆನಪಿರುತ್ತೆ."

ನನಗೂ ಅದು ಸಹಜವೆನಿಸಿತು. ಬೋರ್ಡಿಂಗಿನಲ್ಲಿ ಇಬ್ಬಿಬ್ಬರು ಹುಡುಗಿಯರಿಗೆ ಒಂದೊಂದು ಬೀರು ಕೊಡುತ್ತಿದ್ದರು. ಮೇಲಿನ ಅರೆ ಅವಳದು, ಕೆಳಗಿನದು ನನ್ನದು, ಬೀಗದ ಕೈ ಒಂದೇ. ಸಿಸ್ಟರ್ ಹೇಳದೆ ಕೇಳದೆ ಬಂದು ಬೀರು ತಪಾಸಣೆ ಮಾಡಿ, ಅವಳ ಅರೆಯಲ್ಲಿ ಹುಣಸೆಹಣ್ಣು ಸಿಕ್ಕಿದರೆ ನನ್ನನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗೆ ಬೆಳೆದವರಿಗೆ ಪ್ರೈವೆಸಿ ಎನ್ನುವುದು ಡಿಕ್ಷನರಿಯಲ್ಲಿನ ಪದ.

ಬೀರು ಬೇರೆ, ಇದು ಬೇರೆ ಎಂದು ಆಮೇಲೆ ಗೊತ್ತಾಯಿತು. ನನ್ನ ರಂಗೋಲಿಯ ಫೋಟೋಗಳ ನಡುವೆ ಅವಳ ಗಿಡದ ಎಲೆಗಳು, ಅವಳ ಕಡೆಯವರ ಮದುವೆಯ ನಡುವೆ ನನ್ನ ಮೊಣಕಾಲಿನ ಸ್ಕ್ಯಾನು. ಒಮ್ಮೆ ಡೆಂಟಿಸ್ಟ್ ಕೇಳಿದರೆಂದು ನನ್ನ ಹಲ್ಲಿನ ಎಕ್ಸ್‌ರೇ ಹುಡುಕಿದರೆ ಎಲ್ಲೂ ಇಲ್ಲ. ಫರೀದಾಳಿಗೆ ಫೋನ್ ಮಾಡಿದೆ.

"ಅಯ್ಯೋ, ಅದು ನಿಂದಾ? ನನ್ನ ಫೋನಲ್ಲಿ ಯಾರ್ದೋ ಹಲ್ಲು ಕಿಸ್ಕೊಂಡು ಕೂತಿತ್ತು, ಹೆದರಿ ಅಳಿಸ್ಬಿಟ್ಟೆ ಕಣೇ."

ಅಲ್ಲಿ ಅಳಿಸಿದರೆ ಇಲ್ಲಿಯೂ ಹೋಗುತ್ತದೆಂದು ನಮಗಿಬ್ಬರಿಗೂ ತಿಳಿದದ್ದು ಅಂದು, ನನ್ನ ದವಡೆಯ ಖರ್ಚಿನಲ್ಲಿ.

ಫರೀದಾಳ ಮರೆವು ಯಾವಾಗ ಶುರುವಾಯಿತೋ ಹೇಳಲಾರೆ. ನಮ್ಮ ವಯಸ್ಸಿನಲ್ಲಿ ಎಲ್ಲರೂ ಅಷ್ಟಿಷ್ಟು ಮರೆಯುತ್ತೇವೆ. ಮರೆವು ಕಾಯಿಲೆಯಾಗುವ ಗಡಿ ಯಾರಿಗೂ ಕಾಣುವುದಿಲ್ಲ. ಆದರೆ ಅವಳು ಒಲೆಯ ಮೇಲೆ ಹಾಲಿಟ್ಟು ಹೆಬ್ಬಾಳದ ಕೆರೆ ಕಡೆ ಹೊರಟುಹೋಗಿ, ಪಾತ್ರೆ ಕರಕಲಾಗಿ, ಹೊಗೆ ಕೆಳಗಿನ ಮನೆಗೆ ಇಳಿದ ಮೇಲೆ ಅನ್ವರ್ ಖಡಾಖಂಡಿತವಾಗಿ ಹೇಳಿದ: "ಆಪಾ, ಇನ್ನೊಂದ್ಸಲ ಹೀಗಾದ್ರೆ ಸಿಲಿಂಡರ್ ಕೆಳಗೆ ಬರುತ್ತೆ. ಊಟ ತಿಂಡಿ ಎಲ್ಲಾ ನಮ್ಜೊತೆ."

ಅನ್ವರ್ ಕೆಟ್ಟವನಲ್ಲ. ಅಕ್ಕನೆಂದರೆ ಜೀವ. ಹೆಂಡತಿ ಮಕ್ಕಳು ಮಲಗುವ ಕೋಣೆಯ ನೆತ್ತಿಯ ಮೇಲೇ ಆ ಅಡುಗೆಮನೆಯಿತ್ತು. ಅವನ ಭಯ ನನಗೆ ಅರ್ಥವಾಗುತ್ತಿತ್ತು. ಫರೀದಾಳಿಗೂ ಅರ್ಥವಾಗುತ್ತಿತ್ತು. ಆದರೂ ಅವಳು ನನ್ನ ಹತ್ತಿರ ಹೇಳಿದಳು:

"ಕೆಳಗೆ ಊಟಕ್ಕೇನೂ ಕಮ್ಮಿ ಇಲ್ಲ ಕಣೇ. ಭಾಭಿ ಕೈ ನನ್ನ ಕೈಗಿಂತ ಚೆನ್ನಾಗಿದೆ. ಆದ್ರೆ ಅಲ್ಲಿ ನಾನು ಬಡಿಸ್ಕೊಳ್ಳೋಳು. ಮೇಲೆ ನಾನು ಬಡಿಸೋಳು. ಆ ಒಲೆ ಹೋದ್ರೆ ನಾನು ಅವರ ಮನೆಗೆ ಬಂದ ನೆಂಟಳು ಆಗ್ಬಿಡ್ತೀನಿ."

ಆಗ ಕಂಡುಕೊಂಡ ಉಪಾಯವೇ ಈ ಫೋಟೋಗಳು. ಮನೆ ಬಿಡುವ ಮುಂಚೆ ಒಲೆಯ ನಾಬ್ ತಿರುಗಿಸಿ ಆಫ್ ಮಾಡುವುದು, ಎದುರು ನಿಂತು ಒಂದು ಫೋಟೋ ತೆಗೆಯುವುದು, ಬೀಗ ಹಾಕುವುದು. "ಬಸ್ ಸ್ಟಾಪಿಗೆ ಬಂದ ತಕ್ಷಣ ಎದೆ ಹೊಡ್ಕೊಳ್ಳುತ್ತೆ, ಆಫ್ ಮಾಡಿದ್ನೋ ಇಲ್ವೋ ಅಂತ. ಆಗ ತೆಗ್ದು ನೋಡ್ಕೊಳ್ತೀನಿ. ಬಸ್ ಹತ್ತುತ್ತೀನಿ. ಸಿಂಪಲ್." ಅನ್ವರ್ ಯಾವತ್ತಾದರೂ ಕೇಳಿದರೆ ತೋರಿಸಲೂ ಆಯಿತು.

ನಮ್ಮ ಅಕೌಂಟ್ ಒಂದೇ ಆದ್ದರಿಂದ ಆ ಫೋಟೋ ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಇಲ್ಲಿ ನನ್ನ ಊಟದ ಟೇಬಲ್ಲಿನ ಮೇಲಿದ್ದ ಟ್ಯಾಬಿಗೂ ಬಂದಿಳಿಯುತ್ತಿತ್ತು. ಮೊದಮೊದಲು ನಗು ಬಂತು, ಆಮೇಲೆ ಅಭ್ಯಾಸವಾಯಿತು. ಕಾಫಿ ಲೋಟ ಹಿಡಿದು ಕಾಯುತ್ತಿದ್ದೆ. ಒಲೆ ಬಂದರೆ ಫರೀದಾ ಹೊರಟಳೆಂದು ಅರ್ಥ. ಪಕ್ಕದಲ್ಲಿ ಬದನೆಕಾಯಿ ಇದ್ದರೆ ಮಧ್ಯಾಹ್ನಕ್ಕೆ ಬಗಾರ ಬೈಂಗನ್. ಒಂದು ಲೋಟ ಕವುಚಿಟ್ಟಿದ್ದರೆ ಒಬ್ಬಳೇ ಚಹಾ ಕುಡಿದಿದ್ದಾಳೆ, ಎರಡಿದ್ದರೆ ಸನಾ ಮೇಲೆ ಬಂದಿದ್ದಾಳೆ. ಫೋನಿನಲ್ಲಿ ದಿನವೂ ಮಾತಾಡಿದರೂ ಇಷ್ಟು ತಿಳಿಯುತ್ತಿರಲಿಲ್ಲ. ಫೋಟೋ ತಡವಾದರೆ ಮಾತ್ರ ಜೀವ ಚಡಪಡಿಸುತ್ತಿತ್ತು. ವೈಫೈ ನೋಡುವುದು, ಟ್ಯಾಬ್ ಆಫ್ ಮಾಡಿ ಆನ್ ಮಾಡುವುದು, ಬಾಲ್ಕನಿಗೆ ಹೋಗಿ ಬರುವುದು. ಒಮ್ಮೆ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು: "ಇಲ್ಲಿ ಹಾಲು ಉಕ್ತಾ ಇದೆ. ನೀನು ಆರ್.ಟಿ. ನಗರದ ಒಲೆ ಕಾಯ್ತಾ ಕೂತಿದ್ದೀಯ."

ಒಂದು ಬೆಳಿಗ್ಗೆ ಬಂದ ಫೋಟೋದಲ್ಲಿ ನೀಲಿ ಇತ್ತು.

ಟೈಲ್ಸಿನ ಮೇಲೆ ಬಿದ್ದ ಬೆಳಕಿರಬಹುದೆಂದುಕೊಂಡೆ. ಎರಡು ಬೆರಳಿನಿಂದ ಹಿಗ್ಗಿಸಿದೆ. ಬೇಳೆಯ ಪಾತ್ರೆ, ಅದರ ಕೆಳಗೆ ಸುತ್ತಲೂ ನೀಲಿ ಉರಿ. ಉರಿಯುವ ಒಲೆಯ ಎದುರು ನಿಂತು, ಎಂದಿನಂತೆ ಫೋಟೋ ತೆಗೆದು, ಬೀಗ ಹಾಕಿ ಹೊರಟಿದ್ದಾಳೆ.

ಅವಳಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ; ಬ್ಯಾಗಿನ ತಳದಲ್ಲಿ ಕೊಡೆಯ ಕೆಳಗೆ ಎಲ್ಲೋ ಬಿದ್ದಿರಬೇಕು. ಮತ್ತೆ ಮಾಡಿದೆ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ಇನ್ನೊಂದು ನಂಬರು ನನ್ನ ಬೆರಳಿನ ಕೆಳಗೇ ಇತ್ತು, ಅನ್ವರನದು. ಅದನ್ನು ಒತ್ತಿದರೆ ಮನೆ ಉಳಿಯುತ್ತದೆ, ಫರೀದಾಳ ಒಲೆ ಹೋಗುತ್ತದೆ. ಒತ್ತದಿದ್ದರೆ ಬಹುಶಃ ಎರಡೂ ಉಳಿಯುತ್ತವೆ. ಆ "ಬಹುಶಃ"ದ ಮೇಲೆ ಮಕ್ಕಳಿರುವ ಮನೆಯನ್ನು ಹೇಗೆ ನಿಲ್ಲಿಸಲಿ, ನೀವೇ ಹೇಳಿ. ಒತ್ತಿದೆ.

"ಅಕ್ಕಾ, ಈಗ್ಲೇ ನೋಡ್ತೀನಿ," ಎಂದವನು ಫೋನ್ ಇಡದೆಯೇ ಓಡಿದ. ಮೆಟ್ಟಿಲು, ಬೀಗ, ಅವನ ಏದುಸಿರು ಎಲ್ಲ ನನಗೆ ಕೇಳಿಸಿತು. ಬೇಳೆ ತಳ ಹಿಡಿದಿತ್ತು, ಅಷ್ಟೆ.

ಅವನು ಇನ್ನೂ ಮಹಡಿಯ ಮೇಲಿರುವಾಗಲೇ ಫರೀದಾ ಗೇಟು ತೆಗೆದು ಒಳಗೆ ಬಂದಳಂತೆ. ಕನ್ನಡಕ ಮರೆತದ್ದಕ್ಕೆ ವಾಪಸ್ ಬಂದರು ಎಂದು ಅನ್ವರ್ ಹೇಳಿದ; ಕನ್ನಡಕ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತಂತೆ. ಫರೀದಾ ಹೇಳಿದ್ದೇ ಬೇರೆ. ಸಂಜೆ ಫೋನ್ ಮಾಡಿದಳು.

"ಸ್ಟಾಪಲ್ಲಿ ಫೋಟೋ ನೋಡಿ ನಾನೇ ವಾಪಸ್ ಬರ್ತಿದ್ದೆ. ಅಷ್ಟರಲ್ಲಿ ನೀನು ಊರಿಗೆಲ್ಲಾ ಡಂಗುರ ಹೊಡೆದೆ."

"ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ? ಎತ್ತಬೇಕಿತ್ತು."

"ಕೇಳಿಸ್ಲಿಲ್ಲ."

"ಬೆಂಕಿ ಬಿದ್ದಿದ್ರೆ?"

"ಬೀಳ್ಲಿಲ್ವಲ್ಲ. ನೋಡು, ಆ ಫೋಟೋ ನನ್ನ ಫೋನಲ್ಲೇ ಇದ್ದಿದ್ರೆ ಅದು ನನ್ನ ತಪ್ಪು. ನಾನೇ ಹೋಗಿ ಸರಿ ಮಾಡ್ಕೊಳ್ತಿದ್ದೆ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮೇಲಕ್ಕೆ, ಆ ಕ್ಲೌಡಿಗೆ ಹೋಯ್ತು ನೋಡು, ಊರಿನ ತಪ್ಪಾಯ್ತು."

ಅವಳು ನಿಜವಾಗಿ ಫೋಟೋ ನೋಡಿ ಬರುತ್ತಿದ್ದಳೋ, ಕನ್ನಡಕಕ್ಕೆ ಬರುತ್ತಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ಒಂದೊಂದು ದಿನ ಒಂದೊಂದನ್ನು ನಂಬುತ್ತೇನೆ. ಅದೇ ಬೆಳಿಗ್ಗೆ ಮತ್ತೆ ಬಂದರೆ ಅದೇ ನಂಬರನ್ನೇ ಒತ್ತುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಅನುಮಾನವಿಲ್ಲದ ಕೆಲಸವೂ ಮನುಷ್ಯನಿಗೆ ನಿದ್ದೆ ಕೊಡುವುದಿಲ್ಲವೆಂದು ಯಾವ ಸಿಸ್ಟರೂ ನಮಗೆ ಕಲಿಸಿರಲಿಲ್ಲ.

ಸಿಲಿಂಡರ್ ಕೆಳಗಿಳಿಯಿತು. ಆ ವಾರವೇ ಸನಾ ಬಂದು ನಮ್ಮ ಅಕೌಂಟನ್ನು ಎರಡು ಮಾಡಿದಳು. "ಪ್ರೈವೆಸಿ ಇರ್ಬೇಕು ಆಂಟಿ," ಎಂದಳು, ನನ್ನ ಮುಖ ನೋಡದೆ. ಮನೆ ಪಾಲು ಮಾಡುವಾಗ ಹಳೆಯ ಪಾತ್ರೆಪಗಡಗಳು ಯಾರೋ ಒಬ್ಬರ ಕಡೆಗೆ ಉಳಿದುಹೋಗುವಂತೆ ಅವಳ ಒಲೆಗಳೆಲ್ಲ ನನ್ನ ಕಡೆಗೆ ಉಳಿದವು. ಮರುದಿನ ಕಾಫಿ ಲೋಟ ಹಿಡಿದು ಟ್ಯಾಬಿನ ಮುಂದೆ ಕೂತಿದ್ದೆ, ಏನೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಎಷ್ಟೋ ದಿನ ಹಾಗೆಯೇ ಕೂತೆ.

ಕ್ಲೌಡ್ ಒಳ್ಳೆಯದೇ, ಕೆಟ್ಟದ್ದೇ ಎಂದು ನಮ್ಮ ಪಾರ್ಕಿನ ವಾಕಿಂಗ್ ಗೆಳತಿಯರು ಕೇಳುತ್ತಾರೆ, ನನಗೆ ಏನೋ ಗೊತ್ತಿರುವಂತೆ. ಹಾರ್ಡ್ ಡಿಸ್ಕಿನ ಜೊತೆ ಸತ್ತುಹೋದ ನನ್ನ ಗ್ರಾಮರ್ ಪಾಠಗಳನ್ನು ನೆನೆದರೆ ಒಳ್ಳೆಯದೆನ್ನಬೇಕು; ಒಂದು ಮನೆಯನ್ನು ಅದು ಉಳಿಸಿರಲೂಬಹುದು. ಆದರೆ ಮನುಷ್ಯರಿಗೆ ತಮ್ಮ ತಪ್ಪನ್ನು ತಾವೇ ಮೊದಲು ನೋಡುವ ಒಂದು ಗಳಿಗೆಯಾದರೂ ಬೇಕು. ಆ ಗಳಿಗೆಯನ್ನು ಅದು ಫರೀದಾಳಿಂದ ಕಿತ್ತುಕೊಂಡಿತು. ಎರಡನ್ನೂ ಒಟ್ಟಿಗೆ ಹೇಳಿದರೆ ಗೆಳತಿಯರಿಗೆ ಬೇಸರ. "ತಗೊಳ್ಳೋದಾ ಬೇಡ್ವಾ, ಅದು ಹೇಳ್ರೀ" ಎನ್ನುತ್ತಾರೆ.

ಮೊನ್ನೆ ಜಾಗಕ್ಕಾಗಿ ನನ್ನ ರಂಗೋಲಿಗಳನ್ನು ಅಳಿಸಿದೆ, ಮೊಣಕಾಲನ್ನೂ ಅಳಿಸಿದೆ. ಒಲೆಗಳಿಗೆ ಕೈ ಹಚ್ಚಲಿಲ್ಲ. ಆ ನೀಲಿ ಉರಿಯ ಫೋಟೋವೊಂದನ್ನು ಮಾತ್ರ ಕಷ್ಟಪಟ್ಟು ಪೆನ್ ಡ್ರೈವಿಗೆ ಇಳಿಸಿಕೊಂಡು, ಕ್ಲೌಡಿನಿಂದ ತೆಗೆದೆ. ಎಲ್ಲ ಕಡೆಯಿಂದಲೂ ಅಳಿಸಿಹೋಗುತ್ತದೆ, ಖಚಿತವೇ ಎಂದು ಟ್ಯಾಬ್ ಕೇಳಿತು. ಖಚಿತ ಎಂದೆ. ಪೆನ್ ಡ್ರೈವ್ ಕೆಟ್ಟರೆ ಕೆಡಲಿ. ಅದು ಊರಿನದಲ್ಲ, ಅವಳದು.

ಅವಳನ್ನು ಕೊನೆಯ ಸಲ ಕಂಡದ್ದು ಈ ಬೇಸಿಗೆಯಲ್ಲಿ. ಕೆಳಗಿನ ಹಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಹೆಸರು ಹಿಡಿದೇ ಕರೆದಳು, ಬೋರ್ಡಿಂಗಿನ ಹುಣಸೆಹಣ್ಣಿನ ಮಾತಾಡಿದಳು, ಅದನ್ನೇ ಎರಡನೆಯ ಸಲವೂ ಆಡಿದಳು. ಭಾಭಿ ಕೊಟ್ಟ ಚಹಾ ಕುಡಿದು ನಾನು ಹೊರಟಾಗ ಬೇಡವೆಂದರೂ ಗೇಟಿನವರೆಗೆ ಬಂದಳು. ನಾನು ಆಟೋ ಹತ್ತಿ ಕೂತ ಮೇಲೆ ತಟ್ಟನೆ ಬಗ್ಗಿ, ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬರೋವಾಗ ಒಲೆ ಆಫ್ ಮಾಡಿದ್ಯಾ?"

"ಮಾಡಿದ್ದೀನಿ ಕಣೇ."

"ನೋಡಿದ್ಯಾ?"

ನಮ್ಮ ಮನೆಯಲ್ಲಿ ಅಂದು ಯಾರೂ ಇರಲಿಲ್ಲ. ಮಧ್ಯಾಹ್ನ ಹಾಲು ಕಾಯಿಸಿದ್ದು ನೆನಪಾಯಿತು, ನಾಬ್ ತಿರುಗಿಸಿದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಗಿಹೋಯಿತು. ಅವಳು ನಗಲಿಲ್ಲ.

"ಯಾರಿಗೂ ಹೇಳಲ್ಲ ನಾನು," ಎಂದಳು. "ಹೋಗು, ಬೇಗ ಹೋಗು."

ಆಟೋ ತಿರುವು ದಾಟುವವರೆಗೂ ಅವಳು ಒಂದು ಕೈಯಲ್ಲಿ ಗೇಟು ಹಿಡಿದು, ಇನ್ನೊಂದು ಕೈಯಿಂದ ಬೇಗ, ಬೇಗ ಎಂದು ನನ್ನನ್ನು ಅಟ್ಟುತ್ತಲೇ ಇದ್ದಳು.