ಶಾಕಪ್ಸರಿಗೆ ಗಂಜಿ

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿದ್ದಾಗ ನಮ್ಮಣ್ಣ ಬಾಗಲಕೋಟೆಯಿಂದ ಒಂದು ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಕೊಂಡು ಇಳಕಲ್ಲಿಗೆ ತಂದ. ಗುಡ್ಡ ಹತ್ತುವ ಸೈಕಲ್ಲಂತೆ. ಮುಂದೆ ಎರಡು ಸ್ಪ್ರಿಂಗು, ಸೀಟಿನ ಕೆಳಗೆ ಕೆಂಪು ಬಣ್ಣದ ಇನ್ನೊಂದು ದಪ್ಪ ಸ್ಪ್ರಿಂಗು; ಅದಕ್ಕೆ ಓಣಿಯವರ ಬಾಯಲ್ಲಿ ಶಾಕಪ್ಸರು ಎಂದು ಹೆಸರಾಯಿತು. ಬಾದಾಮಿಯ ಗುಡ್ಡವನ್ನೇ ಹತ್ತಿಸುತ್ತೇನೆಂದು ಓಣಿಗೆಲ್ಲ ಸಾರಿದ ಮಹಾಶಯ ಅದನ್ನು ಓಣಿಯ ಕೊನೆಯ ಚಹಾದಂಗಡಿಯವರೆಗೆ ಹತ್ತಿಸಿದ. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಅವ್ವ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದಳು. ನಮ್ಮ ಮನೆಯಲ್ಲಿ ವಿದ್ಯೆಗೆ ಅಷ್ಟು ಭದ್ರವಾದ ಜಾಗವಿತ್ತು.

ಅಪ್ಪ ನೇಕಾರ. ಮೊದಲ ಸಲ ಅವನು ಕುಳಿತಾಗ ಸೈಕಲ್ಲು ಭಾರಕ್ಕೆ ಒಂದಿಷ್ಟು ಕುಸಿಯಿತು. ಅಷ್ಟಕ್ಕೇ ಅಪ್ಪನ ಹುಬ್ಬು ಗಂಟಿಕ್ಕಿತು.

"ಏನಲೇ ಇದು, ಸಡ್ಲ ಐತಿ!"

"ಅದು ಹಂಗ ಇರಬೇಕಪ್ಪಾ. ತಗ್ಗು ಬಂದ್ರ ಅದು ಕುಣಿತೈತಿ, ನಮಗ ಏಟು ಹತ್ತಂಗಿಲ್ಲ" ಎಂದ ಅಣ್ಣ.

"ಸಡ್ಲ ಇದ್ದದ್ದು ಎಂದಾರ ಛಲೋ ಇರ್ತೈತೇನು? ಹಾಸು ಸಡ್ಲ ಬಿಟ್ಟು ಸೀರಿ ನೇಯ್ತೀಯೇನು ನೀ?"

ಮಗ್ಗಕ್ಕೆ ಬಿಗಿದ ಹಾಸಿನಲ್ಲಿ ಒಂದೆಳೆ ಜೋತುಬಿದ್ದರೂ ಊಟ ಬಿಡುವ ಮನುಷ್ಯ. ಮರುದಿನವೇ ಚಿಕಿತ್ಸೆ ಶುರುವಾಯಿತು. ಉಳಿದ ನೂಲನ್ನು ಗಂಜಿಯಲ್ಲಿ ಅದ್ದಿ, ಸೀಟಿನ ಕೆಳಗಿನ ಸ್ಪ್ರಿಂಗಿಗೆ ಅದರ ಎರಡೂ ತುದಿಯ ಬೋಲ್ಟುಗಳು ಮುಚ್ಚುವಂತೆ ಸುತ್ತಬೇಕೆಂದು ಅಪ್ಪನ ಅಪ್ಪಣೆ. ಲಾಳಿಯ ಕಂಡಿಕೆಗೆ ನೂಲು ಸುತ್ತಿ ಪಳಗಿದ ಕೈಯೆಂದು ಆ ಕೆಲಸ ನನಗೇ ಬಂತು. ಒಂಬತ್ತನೇ ಇಯತ್ತೆಯ ಹುಡುಗಿ ನಾನು, ಎಳೆಯ ಪಕ್ಕಕ್ಕೆ ಎಳೆ ಕೂಡಿಸಿ ನೀಟಾಗಿ ಸುತ್ತಿದೆ. ಬಿಸಿಲಿಗೆ ಒಣಗಿ ಸಂಜೆಗೆ ಕಟ್ಟಿಗೆಯಂತೆ ಗಟ್ಟಿಯಾಯಿತು. ಓಣಿಯ ನೇಕಾರರು ಸಾಲುಗಟ್ಟಿ ಬಂದು ಮುಟ್ಟಿ ನೋಡಿ, "ಭಾಳ ಛಲೋ ಬಿಗದೈತಿ" ಎಂದು ತಲೆದೂಗಿದರು. ಸೈಕಲ್ಲನ್ನು ತಯಾರಿಸಿದ ಎಂಜಿನಿಯರು ಇಳಕಲ್ಲಿಗೆ ಬಂದು ಕಲಿತು ಹೋಗುವುದೊಂದೇ ಬಾಕಿ.

ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದ ಚಾಚಾ ಮಾತ್ರ ಹಣೆ ಹಣೆ ಬಡಿದುಕೊಂಡ.

"ಅಲ್ರೀ, ಕುಣಿಯೂದ ಅದರ ಕೆಲಸ. ಕುಣೀಲಾರದಂಗ ಬಿಗದ್ರ ಏಟೆಲ್ಲಾ ಬೋಲ್ಟಿಗೆ ಹತ್ತತೈತಿ. ಆ ಬೋಲ್ಟೂ ಮುಚ್ಚೀರಿ! ಸಡ್ಲ ಆದ್ರ ಹೆಂಗ ಗೊತ್ತಾಗಬೇಕ್ರಿ? ವಾರಕ್ಕೊಮ್ಮೆ ಪಾನಾ ಹಾಕಿ ಬೋಲ್ಟು ತಿರುವಿ ನೋಡಬೇಕು. ಕಟಕಟ ಸಪ್ಪಳ ಬಂದ್ರ ಹತ್ತಾಕ ಹೋಗಬ್ಯಾಡ್ರಿ."

"ನೀವು ಪಂಕ್ಚರ್ ನೋಡ್ರಿ ಚಾಚಾ. ಬಿಗಿಯೂದು ನಮಗ ಬಿಡ್ರಿ" ಎಂದು ಅಪ್ಪ ನಕ್ಕ.

ಎರಡು ತಿಂಗಳಲ್ಲಿ ಅಣ್ಣನ ಗುಡ್ಡದ ಹುಚ್ಚು ಇಳಿದು ಸೈಕಲ್ಲು ನನ್ನ ಪಾಲಿಗೆ ಬಂತು. ಗೇರ್ ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗಿ ನಮ್ಮ ಓಣಿಗೇ ನಾನೊಬ್ಬಳು. ಆಗಿನ ನನ್ನ ಸೊಕ್ಕು ಕೇಳಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಸೀಟಿನ ಕೆಳಗೆ ಕಟಕಟ ಶುರುವಾಯಿತು. ಚಾಚಾನ ಮಾತು ನೆನಪಿತ್ತು. ಮನೆಯಲ್ಲಿ ಹೇಳಿದರೆ ಸೈಕಲ್ಲು ಗೋಡೆಗೆ ಒರಗುತ್ತದೆ, ನಾನು ಮತ್ತೆ ಎಲ್ಲರಂತೆ ಕಾಲೆಳೆದುಕೊಂಡು ನಡೆಯಬೇಕು. ಹೇಳಲಿಲ್ಲ. ಎಂಥ ಜಾಣೆ ನೋಡಿ! ಸಪ್ಪಳ ಕೇಳಬಾರದೆಂದು ಗಟ್ಟಿಯಾಗಿ ಹಾಡುತ್ತ ತುಳಿದೆ.

ಒಂದು ಮುಂಜಾನೆ ಅಪ್ಪ ಸೀರೆಯ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ಸೈಕಲ್ಲಿನ ಮೇಲೆ ಹುನಗುಂದಕ್ಕೆ ಹೊರಟ. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಊರು ದಾಟಿದ ಮೇಲಿನ ಮೊದಲ ತಗ್ಗಿಗೇ ಬೋಲ್ಟು ಕಳಚಿ ಹಿಂದಿನ ಗಾಲಿ ಮಡಚಿಕೊಂಡಿತು. ಸೀರೆಗಳಿಗೆ ಒಂದು ಕಲೆಯೂ ಆಗಲಿಲ್ಲ. ಅಪ್ಪನ ಬಲಗೈಯ ಮಣಿಕಟ್ಟು ಮುರಿಯಿತು. ಹಗ್ಗ ಎಳೆದು ಲಾಳಿ ಓಡಿಸುವ ಕೈ ಅದು. ನಮ್ಮೆಲ್ಲರ ಊಟ ಆ ಕೈಯಲ್ಲಿತ್ತು.

ದವಾಖಾನೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅಪ್ಪ ನನ್ನನ್ನು ಕೇಳಿದ: "ದಿನಾ ನೀನ ಹೊಡೀತಿದ್ದೆಲ್ಲವಾ, ಏನರ ಸಪ್ಪಳ ಬರ್ತಿತ್ತೇನು?"

"ಇಲ್ಲಪ್ಪಾ."

"ಹಂಗಾರ ತಪ್ಪು ನಂದ. ಚಾಚಾನ ಮಾತು ಕೇಳಬೇಕಿತ್ತು."

ಅವತ್ತು ಭರಣಿ ಸರಿಸಿ ಆ ಪುಸ್ತಕ ತೆಗೆದೆ. ನಿಘಂಟು ಹಿಡಿದು ಓದಿದೆ. ಪ್ರತಿ ಸಲ ಹತ್ತುವ ಮುಂಚೆ ಬೋಲ್ಟು ನೋಡಿ, ಸಪ್ಪಳ ಬಂದರೆ ಅಲ್ಲೇ ನಿಲ್ಲಿಸಿ ಎಂದು ಮೊದಲ ಪುಟದಲ್ಲೇ ಇತ್ತು, ಉಪ್ಪಿನಕಾಯಿ ಎಣ್ಣೆಯ ಕಲೆಯ ಪಕ್ಕದಲ್ಲಿ.

ಕೈ ಕೂಡಿತು, ಆದರೆ ಸೊಟ್ಟಗೆ. ಅಪ್ಪ ಮತ್ತೆ ಮಗ್ಗಕ್ಕೆ ಇಳಿದ. ಕೆಲವು ವರ್ಷಗಳ ಮೇಲೆ ನನ್ನ ಮದುವೆಯ ಸೀರೆಯನ್ನು ಯಾರಿಗೂ ಮುಟ್ಟಗೊಡದೆ ತಾನೇ ನೇಯ್ದ. ಕೊಡುವಾಗ ಬಿಚ್ಚಿ ಒಂದು ದಡಿಯನ್ನು ಹಿಡಿದು ತೋರಿಸಿದ. ಅದು ಅಲ್ಲಲ್ಲಿ ಜೋತುಬಿದ್ದಿತ್ತು.

"ಕೈಯಾಗ ಎಳೆತ ಸಾಲಂಗಿಲ್ಲವಾ. ಒಂದು ದಡಿ ಸಡ್ಲ ಆತು. ಬ್ಯಾಸರ ಮಾಡ್ಕೋಬ್ಯಾಡ" ಎಂದ.

ಆಗಲಾದರೂ ಹೇಳಬಹುದಿತ್ತು.

"ಭಾಳ ಛಲೋ ಬಿಗದೈತಪ್ಪಾ" ಎಂದೆ.