ಕಾಯದೆ ಎದ್ದವರ ಪಟ್ಟಿ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ಗಂಟಲು ಒಣಗಿದ ಮೇಲೆ ನನ್ನ ಪಿಎಚ್‌ಡಿ ಶುರುವಾಗುತ್ತಿತ್ತು. ಆರು ವರ್ಷದಿಂದ ಒಂದೇ ವಿಷಯ: ಆಗಾಗ ಕೆಡುವ ಯಂತ್ರ, ಅದರ ಮುಂದೊಂದು ಸಾಲು, ತಾಳ್ಮೆಗೆಟ್ಟು ಸಾಲು ಬಿಟ್ಟು ಹೋಗುವ ಜನ. ಇದನ್ನೆಲ್ಲ ಕಂಪ್ಯೂಟರಿನೊಳಗೆ ನಡೆಸಿ ನೋಡುವುದು. ಮದುವೆಮನೆಯಲ್ಲಿ ಯಾರಾದರೂ ಥೀಸಿಸ್ ಮುಗೀತಾ ಎಂದು ಕೇಳಿದರೆ ಊಟ ಬಿಟ್ಟು ಏಳುವಷ್ಟು ಸಾಕಾಗಿತ್ತು.

ನಿಜವಾದ ಸಾಲಿನ ಅಂಕಿ ಬೇಕೆಂದು ಗೈಡ್ ಹಟ ಹಿಡಿದರು. ಹಾಗಾಗಿ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ವಾರಗಟ್ಟಲೆ ಕೂತೆ. ಯಂತ್ರ ಒಂದೇ, ಅದೂ ದಿನಕ್ಕೆರಡು ಸಲ ಮುಷ್ಕರ ಹೂಡುವಂಥದ್ದು. ಯಾರು ಎಷ್ಟೊತ್ತಿಗೆ ಬಂದರು, ಎಷ್ಟೊತ್ತಿಗೆ ಒಳಗೆ ಹೋದರು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ. ಹೆಸರಿಲ್ಲ, ಬರೀ ನಂಬರು. ಕಾಯದೆ ಎದ್ದವರ ಮುಂದೆ 'ಅಸಹನೆ' ಎಂದು ಬರೆದರೆ ನನ್ನ ಕೆಲಸ ಮುಗಿಯಿತು.

ವಿಚಿತ್ರವೆಂದರೆ, ಕಂಪ್ಯೂಟರಿನ ಅಂದಾಜಿಗಿಂತ ಇಲ್ಲಿನವರು ಬೇಗ ಏಳುತ್ತಿದ್ದರು. ಯಂತ್ರ ಕೆಟ್ಟಿತೆಂದರೆ ಸಾಕು, ನನ್ನ ಕಡೆಗೊಮ್ಮೆ ತಲೆಯಾಡಿಸಿ ಹೊರಟೇಬಿಡುವರು. ಇದರಲ್ಲೊಂದು ಅಧ್ಯಾಯ ಸಿಕ್ಕಿತು ಎಂದು ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಹಾಗೆ ಎದ್ದು ಹೋದವರಲ್ಲಿ ಇಲವಾಲದ ಕಡೆಯ ಒಬ್ಬ ಹೆಂಗಸಿದ್ದಳು. ಎದೆಯಲ್ಲಿ ಗಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಡಾಕ್ಟರು ಬರೆದುಕೊಟ್ಟರೂ ಯಂತ್ರ ಎರಡು ಸಲ ಆಕೆಯನ್ನು ವಾಪಸ್ಸು ಕಳಿಸಿತ್ತು. ಸ್ಕ್ಯಾನ್ ಆಗದೆ ಮುಂದಿನ ಚಿಕಿತ್ಸೆ ಇಲ್ಲ. ಮೂರನೆಯ ಸಲ ಬಂದವಳು ಸಾಲಿನ ತುದಿಗೆ ಹೋಗದೆ ನೇರ ಬಾಗಿಲಿಗೇ ಹೋದಳು. ಜನ ಗದರಿದರು. ಚೀಟಿ ಕೊಡುವವನು ಹಿಂದೆ ನಿಲ್ಲಲು ಹೇಳಿದ. ಆಕೆ ಸಿಟ್ಟಾಗದೆ ನನ್ನತ್ತ ಕೈ ತೋರಿಸಿದಳು.

"ನನ್ ಪಾಳಿ ಆವಮ್ಮ ಬರ್ಕೊಂಡವ್ರೆ. ಅದುಕ್ಕೇ ಅಲ್ವಾ ನಾನು ಧೈರ್ಯವಾಗಿ ಊರಿಗೋಗಿದ್ದು. ತೆಗ್ದು ತೋರ್ಸಿ ಕಣಮ್ಮ."

ಸಾಲಿನಲ್ಲಿ ಇನ್ನೂ ಮೂರ್ನಾಲ್ಕು ಜನ ನಮ್ಮದೂ ಇದೆ ಎಂದು ನನ್ನ ನೋಟ್‌ಬುಕ್ಕಿನ ಕಡೆ ಬೆರಳು ಮಾಡಿದರು. ಇವರು ತಾಳ್ಮೆಗೆಟ್ಟು ಎದ್ದವರಲ್ಲ. ನಾನು ಬರೆದುಕೊಂಡಿದ್ದೇನೆ ಎಂದು ನಂಬಿ ಎದ್ದವರು. ಆಕೆ ಬಂದಿದ್ದ ಎರಡು ದಿನಗಳ ಪುಟ ತೆಗೆದೆ. ಆಕೆಯ ಹೆಸರಿನ ಬದಲು ಎರಡು ಬೇರೆ ಬೇರೆ ನಂಬರು, ಎರಡರ ಮುಂದೆಯೂ ಅದೇ ಮಾತು, 'ಅಸಹನೆ'. ಆಕೆಗೆ ಓದು ಬರುತ್ತಿರಲಿಲ್ಲ. ನಂಬರಿನ ಮುಂದೆ ಏನು ಬರೆದಿದ್ದೀರಿ ಎಂದು ಕೇಳಿದಳು.

"ಕಾಯ್ತಾ ಇದ್ದಾರೆ ಅಂತ" ಎಂದೆ.

ಆಕೆ ನೋಟ್‌ಬುಕ್ಕು ಕಸಿದುಕೊಂಡು ಚೀಟಿಯವನಿಗೆ ಕೊಟ್ಟಳು. ಅವನು ಗಟ್ಟಿಯಾಗಿ ಓದಿದ.

ಆಕೆ ನೋಟ್‌ಬುಕ್ಕನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. ಹೋಗಿ ಸಾಲಿನ ತುದಿಯಲ್ಲಿ ನಿಂತಳು. ಮಧ್ಯಾಹ್ನ ಯಂತ್ರ ಮತ್ತೆ ಕೆಟ್ಟು ಒಬ್ಬೊಬ್ಬರೇ ಎದ್ದು ಹೋದರು. ಇನ್ನು ಇವತ್ತು ರಿಪೇರಿ ಆಗುವುದಿಲ್ಲ ಎಂದು ಎರಡು ಸಲ ಹೇಳಿದರೂ, ಕೋಣೆಗೆ ಬೀಗ ಹಾಕಿದ ಮೇಲೂ, ಆಕೆ ಅಲ್ಲೇ ನಿಂತಿದ್ದಳು.