ಇಳಕಲ್ಲಿಗೆ ಹೊರಟ ಫ್ಲಾಪಿ

ಎಂಬತ್ತರ ದಶಕದ ಕೊನೆಗೆ ಬಾಗಲಕೋಟೆಯಲ್ಲಿ ನಾವು ಸೀರೆಯ ದಡಿಯ ಚಿತ್ತಾರ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬರೆದೆವು. ಕೇಳಿದವರಿಗೆಲ್ಲ ಪುಕ್ಕಟೆ. ಮೊದಲ ಪ್ರತಿ ಇಳಕಲ್ಲಿನ ನೇಕಾರರ ಸಂಘಕ್ಕೆ. ಅಲ್ಲಿ ಅದು ತೆರೆಯದಿದ್ದರೆ ಅವರು ತಮ್ಮ ಹೊಸ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೂಲೆಗಿಡುವವರೇ.

ನಮ್ಮ ಆಫೀಸಿನ ಸಾಹೇಬರು ಎಲ್ಲವನ್ನೂ ಝಿಪ್ ಎಂಬ, ಕಡತಗಳನ್ನು ಚಿಕ್ಕದಾಗಿಸುವ ಹೊಸ ಪ್ರೋಗ್ರಾಂನಲ್ಲಿ ಒತ್ತಿ ಒಂದೇ ಫ್ಲಾಪಿಗೆ ತುಂಬಿದರು.

"ಸರ್, ಇದನ್ನ ಬಿಚ್ಚೂ ಪ್ರೋಗ್ರಾಂ ಅವರ ಕಡೆ ಇಲ್ರಿ."

"ಅದನ್ನೂ ಇದರೊಳಗ ಒತ್ತಿ ಹಾಕೇನಿ. ಹೇಳಿದಷ್ಟ ಮಾಡು."

ನಾನು ಅಮೀನಗಡದ ಕರದಂಟನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಕೀಲಿ ಜಡಿದು, ಅವರ ಮೇಜಿನ ಮೇಲಿಟ್ಟೆ.

"ಕೀಲಿಕೈ ಎಲ್ಲೈತೋ?"

"ಕರದಂಟಿನ ಜೋಡಿ ಒಳಗ ಹಾಕೇನ್ರಿ."

ಆಫೀಸೆಲ್ಲ ನಕ್ಕಿತು. ಸಾಹೇಬರು ಕೆಂಪಾದರು. "ಈಗ ಏನ್ ಮಾಡ್ಬೇಕಂತಿ?"

"ಒತ್ತಾಕ, ಬಿಚ್ಚಾಕ ಅವರ ಕಡೆ ಹಳೇ ಆರ್ಕ್ ಪ್ರೋಗ್ರಾಂ ಐತ್ರಿ, ಅದರಾಗ ಕಟ್ಟೂಣ್ರಿ. ಅದು ಝಿಪ್‌ನಷ್ಟು ಸಣ್ಣದು ಮಾಡಂಗಿಲ್ಲ, ಎರಡು ಫ್ಲಾಪಿ ಆದ್ರ ಆಗ್ಲಿ. ಇಲ್ಲಾಂದ್ರ ನಾ ಇಳಕಲ್ಲಿಗೆ ಹೋಗಂಗಿಲ್ಲ."

ಎರಡು ಫ್ಲಾಪಿ ಹಿಡಿದೇ ಹೋದೆ. ಸಂಘದ ಪರದೆಯ ಮೇಲೆ ದಡಿ ಮೂಡಿತು. ಅಂದಿನಿಂದ ಸಾಹೇಬರು ನನ್ನನ್ನು ಕೇಳದೆ ಏನನ್ನೂ ಕಳಿಸುತ್ತಿರಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಖರೆ ಅಂದರೆ, ಮರುವಾರವೇ ನನ್ನನ್ನು ಕಂಪ್ಯೂಟರಿಲ್ಲದ ಕೋಣೆಗೆ ದಬ್ಬಿದರು. ಅಲ್ಲಿ ಫ್ಯಾನು ಭಾಳ ಚಲೋ ಇತ್ತು.